ಮದುವೆಗೆ ಕೊಟ್ಟ ಮುಂಗಡ

ತಿಕೋಟಾ ಹತ್ತಿರ ನನ್ನದು ಮೂರು ಎಕರೆ ದ್ರಾಕ್ಷಿ, ಎರಡು ಎಕರೆ ಜೋಳ. ಇದುವರೆಗೆ ಚಾಟಣಿ, ಒಣದ್ರಾಕ್ಷಿ ಶೆಡ್ಡು, ಬೋರಿನ ನೀರು ಇಂಥವನ್ನೇ ಬರೆಯುತ್ತ ಬಂದವ ನಾನು. ಈ ಸಲ ಬರೆಯುವುದು ನನ್ನ ಲೆಕ್ಕದ ಪುಸ್ತಕದ ಒಂದು ಸಾಲಿನ ಬಗ್ಗೆ. 2024ರ ಏಪ್ರಿಲ್ ತಿಂಗಳ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: 'ಮಗಳ ಮದುವೆಗೆ ಮುಂಗಡ, ರೂ. 40,000.' ಆ ಮಗಳಿಗೆ ಆಗ ಹದಿನೈದೂವರೆ ವರ್ಷ. ನನಗೆ ಅದು ಗೊತ್ತಿತ್ತು.

ಅವಳ ತಂದೆ ಎಂಟು ವರ್ಷದಿಂದ ನಮ್ಮ ತೋಟದ ವಸ್ತಿಯಲ್ಲೇ ಇದ್ದು ದುಡಿಯುವ ವರ್ಷದ ಆಳು. ಹೆಸರು ಬೇಡ. ಕುಡಿತ ಇಲ್ಲ, ಚಾಟಣಿಯಲ್ಲಿ ಕೈ ಭಾರಿ ಚಲೋ. 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಸರಕಾರ ಬರಪೀಡಿತ ಅಂತ ಸಾರಿದ ವರ್ಷ ಅದು. ಅವನ ಊರಲ್ಲಿದ್ದ ಒಂದು ತುಂಡು ಹೊಲ ಬಿತ್ತದೇ ಬೀಳು ಬಿತ್ತು. ಮುಂದಿನ ಏಪ್ರಿಲ್‌ನಲ್ಲಿ ಒಣದ್ರಾಕ್ಷಿ ಮಾರಿ ನನ್ನ ಕೈಗೆ ರೊಕ್ಕ ಬಂದ ವಾರವೇ ಸಂಜೆ ಬಂದು ಕಟ್ಟೆ ಮೇಲೆ ಕೂತ.

"ಮಾಲಕ್ರ, ಒಂದ್ ನಲವತ್ತ ಸಾವಿರ ಬೇಕಾಗ್ಯಾವ್ರಿ."

"ಯಾಕೋ?"

"ಹುಡುಗೀದು ಮಾಡಿ ಮುಗಿಸಿಬಿಡ್ತೀನ್ರಿ. ಬಬಲೇಶ್ವರ ಕಡೀ ಹುಡುಗ. ನಮ್ಮಾಕಿ ಕಡಿಂದ ಸಂಬಂಧನ ಆಗಬೇಕು. ವರದಕ್ಷಿಣಿ ಏನೂ ಕೇಳಿಲ್ರಿ."

"ಈಗ ಒಂಬತ್ತನೇತ್ತ ಪರೀಕ್ಷಾ ಬರದಾಳಲ್ಲೋ?"

"ಬರದಾಳ್ರಿ. ಜೋಡಿ ಹೋಗತಿದ್ದ ಹುಡುಗಿ ಸಾಲಿ ಬಿಟ್ಟಾಳ. ಇನ್ನ ಇಕಿ ಒಬ್ಬಾಕೇನ ವಸ್ತಿಯಿಂದ ನಾಕ್ ಕಿಲೋಮೀಟರ ನಡಕೋತ ಹೋಗಬೇಕು. ನಾವಿಬ್ರೂ ತೋಟದಾಗ ಇರ್ತೀವಿ. ಏನರ ಹೆಚ್ಚು ಕಮ್ಮಿ ಆದ್ರ ಯಾರ್ರಿ ಜವಾಬ್ದಾರಿ?"

ನಾನು ಎರಡು ಮಾತು ಹೇಳಿದೆ, ಸಣ್ಣಾಕಿ ಇದ್ದಾಳ, ನೋಡು, ಅಂತ. ಆದರೆ ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನ್ನ ತಲೆಯಲ್ಲಿ ಓಡಿದ್ದು ಹುಡುಗಿಯ ವಯಸ್ಸಲ್ಲ. ನಲವತ್ತು ಸಾವಿರ ಕೊಟ್ಟರೆ ಇವ ಇನ್ನೆರಡು ವರ್ಷ ಎಲ್ಲೂ ಹೋಗುವುದಿಲ್ಲ, ಕೊಡದಿದ್ದರೆ ನಾಳೆಯೇ ಇನ್ನೊಬ್ಬ ದ್ರಾಕ್ಷಿಯವನು ಕೊಟ್ಟು ಕರಕೊಂಡು ಹೋಗುತ್ತಾನೆ, ಇಷ್ಟೇ. ಕೊಟ್ಟೆ. ಬಸವ ಜಯಂತಿಯ ದಿವಸ ಗುಡಿ ಮುಂದೆ ಮದುವೆ ಆಯಿತು. ನಾನೂ ಹೋಗಿ ಅಕ್ಷತೆ ಹಾಕಿ, ಆಹೇರ ಮಾಡಿ, ಬೂಂದಿ ಉಂಡು ಬಂದೆ.

ಮೂರು ತಿಂಗಳ ಹಂಗಾಮು

ದ್ರಾಕ್ಷಿ ಮಾಡುವವರು ಸ್ವಲ್ಪ ತಮ್ಮ ಹಾಜರಿ ಪುಸ್ತಕ ತೆಗೆದು ನೋಡಬೇಕು. ನಮ್ಮಲ್ಲಿ ಕಾಯಿ ಕಡಿಯುವುದು, ದ್ರಾವಣದಲ್ಲಿ ಅದ್ದಿ ಶೆಡ್ಡಿನ ಬಲೆಗೆ ಹಾಕುವುದು, ಒಣಗಿದ್ದನ್ನು ಜಾಡಿಸಿ ಆರಿಸುವುದು ಎಲ್ಲ ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಸಾಲಿ ಪರೀಕ್ಷೆ ಬರುವುದೂ ಅದೇ ಹೊತ್ತಿಗೆ. ಮದುವೆಯ ಹಂಗಾಮು ಹಿಡಿಯುವುದು ಅದರ ಬೆನ್ನಿಗೆ, ಬಸವ ಜಯಂತಿ, ಅಕ್ಷಯ ತದಿಗೆಗೆ. ಅಂದರೆ ನಮಗೆ ಆಳು ಬೇಕಾಗುವುದು, ಹುಡುಗಿ ಪರೀಕ್ಷೆ ಬರೆಯಬೇಕಾದದ್ದು, ನಮ್ಮ ಕೈಯಲ್ಲಿ ರೊಕ್ಕ ಆಡುವುದು, ಅವಳ ಅಪ್ಪ ಮುಂಗಡ ಕೇಳುವುದು ಎಲ್ಲವೂ ಒಂದೇ ಕಾಲಕ್ಕೆ ಬಂದು ಕೂಡುತ್ತವೆ.

ಆರಿಸುವ ಕೆಲಸಕ್ಕೆ ಹುಡುಗಿಯರ ಕೈ ಚುರುಕು. "ಅವ್ವನ ಜೋಡಿ ಬರಲಿ, ಅರ್ಧ ಪಗಾರ ಕೊಡ್ತೀವಿ" ಅಂತ ನಾವೇ ಕರೆಯುತ್ತೇವೆ. 2020ರಲ್ಲಿ ಕೊರೊನಾಕ್ಕೆ ಸಾಲಿ ಮುಚ್ಚಿದಾಗ ಈ ಹುಡುಗಿಯೂ ಹಾಗೇ ಬಂದವಳು. ಆಗಿನ್ನೂ ಹನ್ನೊಂದು ವರ್ಷದವಳು. ಹದಿನಾಲ್ಕರ ಒಳಗಿನವರನ್ನು ಕೂಲಿಗೆ ಹಚ್ಚುವುದು ಕಾಯಿದೆಗೆ ವಿರುದ್ಧ ಅಂತ ನನಗೆ ಗೊತ್ತಿರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಸಾಲಿ ತೆರೆದ ಮೇಲೆ ಹೋದಳು, ಆದರೆ ಪ್ರತಿ ವರ್ಷ ಫೆಬ್ರವರಿ ಬಂದಿತೆಂದರೆ ವಾರಕ್ಕೆರಡು ದಿನ ಶೆಡ್ಡಿನಲ್ಲಿ ಇರುತ್ತಿದ್ದಳು. ಪರೀಕ್ಷೆಯಲ್ಲಿ ಹಿಂದೆ ಬಿದ್ದ ಹುಡುಗಿಗೆ ಮನೆಯವರು ಏನಂತಾರೆ? "ಸಾಲಿ ತಲಿಗೆ ಹತ್ತವಲ್ದು, ಮದುವಿ ಮಾಡೂನು." ಸಾಲಿ ತಲೆಗೆ ಹತ್ತದ ಹಾಗೆ ಮಾಡಿದವರಲ್ಲಿ ನಾನೂ ಒಬ್ಬ.

ನಮ್ಮ ವಸ್ತಿಯದೊಂದೇ ಕಥೆ ಅಲ್ಲ ಇದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆ ಆಗಿತ್ತು. ಅದು ಇಡೀ ರಾಜ್ಯದ ಸರಾಸರಿ. ನಮ್ಮ ವಿಜಯಪುರ ಜಿಲ್ಲೆ ಆ ಸರಾಸರಿಗಿಂತ ಬಹಳ ಮೇಲಿದೆ. ನೀರಾವರಿ ಬಂದಿದೆ, ಕೆರೆ ತುಂಬಿವೆ, ಎಕರೆ ಬೆಲೆ ಏರಿದೆ, 2018ರಲ್ಲಿ ತಿಕೋಟಾ, ಬಬಲೇಶ್ವರ ಎರಡೂ ತಾಲ್ಲೂಕು ಕೇಂದ್ರಗಳಾದವು. ಇದೊಂದು ಮಾತ್ರ ಇದ್ದಲ್ಲೇ ಇದೆ.

ಹೆರಿಗೆಗೆ ಬಂದಳು

2025ರ ಬೇಸಿಗೆಯಲ್ಲಿ ಹುಡುಗಿ ತವರಿಗೆ ಬಂದಳು, ಏಳು ತಿಂಗಳ ಬಸುರಿ. ಕೈಕಾಲು ಕಡ್ಡಿ, ಮುಖ ಬಿಳಚಿಕೊಂಡಿತ್ತು. ನಮ್ಮ ಮನೆಯಾಕೆ ಕಣ್ಣಿನ ರೆಪ್ಪೆ ಎಳೆದು ನೋಡಿ, "ರಕ್ತನ ಇಲ್ಲ ಇಕಿ ಮೈಯಾಗ" ಅಂದಳು. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ತಾಯಿ ಕಾರ್ಡನ್ನೇ ಮಾಡಿಸಿರಲಿಲ್ಲ. ಯಾಕೆ ಅಂದರೆ ಕೇಸಿನ ಅಂಜಿಕೆ. ಹದಿನೆಂಟರೊಳಗಿನ ಹುಡುಗಿ ಬಸುರಿಯಾಗಿ ಆಸ್ಪತ್ರೆಗೆ ಬಂದರೆ ವೈದ್ಯರು ಪೋಕ್ಸೊ ಕಾಯಿದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಗಂಡ ಅನ್ನಿಸಿಕೊಂಡವನ ಮೇಲೇ ಕೇಸಾಗುತ್ತದೆ. 2017ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಮದುವೆ ಆಗಿದೆ ಎಂಬ ಮಾತೂ ನಡೆಯುವುದಿಲ್ಲ. ಆದ್ದರಿಂದ ಏಳು ತಿಂಗಳು ಆಕೆ ಒಂದು ಕಬ್ಬಿಣದ ಗುಳಿಗೆ ನುಂಗಿರಲಿಲ್ಲ, ಒಂದು ಸಲ ತೂಕ ನೋಡಿಸಿರಲಿಲ್ಲ.

ಕಾಯಿದೆ ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಮದುವೆ ಮಾಡಿಸಿದವರ ತಪ್ಪಿಗೆ ಅಂಜಿಕೆ ಬಂದು ಬೀಳುವುದು ಹುಡುಗಿಯ ಮೈಮೇಲೆ. ಅಪ್ಪ ಮಾಡಿದ, ನಾನು ರೊಕ್ಕ ಕೊಟ್ಟೆ, ಊರು ಉಂಡಿತು. ಔಷಧ ತಪ್ಪಿದ್ದು ಮಾತ್ರ ಅವಳಿಗೆ. ಹದಿನಾರಕ್ಕೆ ಅವಳ ಮೈಯೇ ಇನ್ನೂ ಬೆಳೆಯುತ್ತಿರುತ್ತದೆ. ತಿಂದ ತುತ್ತಿಗೆ ಅವಳೂ ಕೂಸೂ ಇಬ್ಬರೂ ಪಾಲುಗಾರರು. ಒಂದು ವರ್ಷದ ಬಳ್ಳಿಗೆ ನಾವು ಕಾಯಿ ಬಿಡಿಸುತ್ತೇವೇನು? ಗೊನೆ ಬಂದರೂ ಚಿವುಟಿ ಒಗೆಯುತ್ತೇವೆ, ಕಾಂಡ ಬಲಿಯಲಿ ಅಂತ.

ಕೊನೆಗೆ ನಮ್ಮ ಮನೆಯಾಕೆಯೇ ಮುಂದೆ ನಿಂತು, "ಏನ್ ಆಗತೈತಿ ಆಗಲಿ, ಹುಡುಗಿ ಉಳೀಬೇಕು" ಅಂತ ವಿಜಯಪುರಕ್ಕೆ ಕರಕೊಂಡು ಹೋದಳು. ಜುಲೈದಲ್ಲಿ ಹೆರಿಗೆ ಆಯಿತು. ಹೆಣ್ಣು ಕೂಸು, ಒಂದು ಕಿಲೋ ಒಂಬೈನೂರು ಗ್ರಾಂ. ಎರಡೂವರೆ ಕಿಲೋ ಇದ್ದರೆ ಸರಿಯಾದ ತೂಕ. ಹನ್ನೆರಡು ದಿನ ಕೂಸು ಆಸ್ಪತ್ರೆಯಲ್ಲೇ ಇತ್ತು. ಪೊಲೀಸರು ಬಂದು ಕೇಳಿಕೊಂಡು ಹೋದರು, ಆ ಕೇಸು ಇನ್ನೂ ನಡೆದಿದೆ. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವ ಹಾಗಿಲ್ಲ.

ಮೊದಲ ಕೂಸಿಗೆ ಕೇಂದ್ರ ಸರಕಾರದ ಮಾತೃ ವಂದನಾ ಯೋಜನೆಯಲ್ಲಿ 5,000 ರೂಪಾಯಿ ಬರುತ್ತದಲ್ಲ, ಅದನ್ನಾದರೂ ಕೊಡಿಸೋಣ ಅಂತ ವಿಚಾರಿಸಿದೆ. ತಾಯಿಗೆ 18 ವರ್ಷ 7 ತಿಂಗಳು ತುಂಬಿರಬೇಕಂತೆ. ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅವರಿಗೇ ಇಲ್ಲ.

ಪೇಸ್ಟಿನ ಡಬ್ಬಿ

ಅಕ್ಟೋಬರ್ ಚಾಟಣಿ ಬಂತು. ಕಡ್ಡಿ ಕತ್ತರಿಸಿದ ಮೇಲೆ ಕಣ್ಣು ಒಡೆಯಲಿ ಅಂತ ಹೈಡ್ರೋಜನ್ ಸಯನಮೈಡ್ ಪೇಸ್ಟ್ ಹಚ್ಚುತ್ತೇವೆ. ಹೆಣ್ಣಾಳುಗಳು ಸ್ಪಂಜು ಹಿಡಿದು ಸಾಲು ಸಾಲು ಹಚ್ಚುತ್ತ ಹೋಗುತ್ತಾರೆ. ಒಂದು ಮುಂಜಾನೆ ನೋಡುತ್ತೇನೆ, ಈ ಹುಡುಗಿಯೂ ಸಾಲಿನಲ್ಲಿ ನಿಂತಿದ್ದಾಳೆ. ಮೂರು ತಿಂಗಳ ಕೂಸನ್ನು ಚಪ್ಪರದ ತಂತಿಗೆ ಸೀರೆ ಜೋಳಿಗೆ ಕಟ್ಟಿ ಅದರಲ್ಲಿ ಮಲಗಿಸಿದ್ದಾಳೆ. ಕೈಗವಸು ಒಂದೇ ಕೈಗೆ. ಇನ್ನೊಂದು ಹರಿದಿತ್ತು, ತಂದುಕೊಡಬೇಕಾದವ ನಾನು. ಕೂಸು ಅತ್ತರೆ ಅದೇ ಸೀರೆಗೆ ಕೈ ಒರೆಸಿಕೊಂಡು ಹಾಲು ಕುಡಿಸುವುದು.

ಈ ಔಷಧಿ ಎಂಥದ್ದು ಅಂತ ನಮಗೆ ಗೊತ್ತಿಲ್ಲವೇ? ಹಚ್ಚಿದ ದಿವಸ ಶೆರೆ ಕುಡಿದರೆ ಮುಖ ಕೆಂಪಡರಿ ಎದೆ ಬಡಿದುಕೊಳ್ಳುತ್ತದೆ ಅಂತ ಗಂಡಾಳುಗಳಿಗೆಲ್ಲ ಹೇಳುತ್ತೇವೆ. ಹೊಟ್ಟೆಯಲ್ಲಿದ್ದ ಕೂಸಿಗೆ ತೊಂದರೆ ಮಾಡಬಹುದೆಂಬ ಸಂಶಯ ಇದರ ಮೇಲಿದೆ. ಯುರೋಪಿನ ಒಕ್ಕೂಟ 2008ರಲ್ಲೇ ಇದಕ್ಕೆ ಪರವಾನಗಿ ಇಲ್ಲ ಅಂದಿತು. ಕುಡಿಯುವ ಗಂಡಸಿಗೆ ಎಚ್ಚರಿಕೆ ಹೇಳುವ ನಾವು ಹಾಲು ಕುಡಿಸುವ ಹೆಂಗಸಿಗೆ ಹೇಳುವುದಿಲ್ಲ.

ಸಾಲಿನಿಂದ ಹೊರಗೆ ಕರೆದೆ. "ಕಾಕಾ, ಕೆಲಸ ಬ್ಯಾಡ ಅನಬ್ಯಾಡ್ರಿ, ಕೂಸಿಗೆ ಹಾಲಿನ ಪುಡಿ ತರಬೇಕು" ಅಂದಳು. ಅದು ನನಗೆ ಬಹಳ ದಿನ ನೆನಪಿನಲ್ಲಿ ಉಳಿಯಿತು. ಕೆಲಸ ಬಿಡಿಸುವುದು ಸುಲಭ, ಆದರೆ ಬಿಡಿಸಿದರೆ ಆಕೆಗೆ ಆಧಾರ ಏನು? ಶೆಡ್ಡಿನಲ್ಲಿ ಕ್ರೇಟು ತೊಳೆದಿಡುವುದು, ಹಾಜರಿ ಬರೆಯುವುದು ಕೊಟ್ಟೆ, ಪಗಾರ ಉಳಿದವರಷ್ಟೇ. ಒಂಬತ್ತನೇತ್ತ ಓದಿದ ಹುಡುಗಿ, ಅಕ್ಷರ ನನ್ನದಕ್ಕಿಂತ ಚೆಂದ. ಕೂಸಿಗೆ ಎದೆಹಾಲು ಕುಡಿಸಲು ಬಿಡುವು ಸಿಕ್ಕಮೇಲೆ ಹಾಲಿನ ಪುಡಿಯ ಮಾತೂ ನಿಂತಿತು. ಇದರಿಂದ ನನಗೆ ಲುಕ್ಸಾನು ಆಯಿತೇ ಅಂತ ಕೇಳಿದರೆ, ಇಲ್ಲ. ಹಾಜರಿ ಲೆಕ್ಕ ಅಷ್ಟು ನೀಟಾಗಿ ಎಂದೂ ಇರಲಿಲ್ಲ.

ಜೋಡಿ ಮುರಿಯಬಾರದು

ಅಷ್ಟರಲ್ಲಿ ಬಬಲೇಶ್ವರ ಕಡೆಯಿಂದ ಅವಳ ಮಾವ ಬಂದ. ಅವರ ಮನೆತನ ಕಬ್ಬು ಕಡಿಯಲು ಹೋಗುವ ಮಂದಿ. ನವೆಂಬರಿಗೆ ಕಾರಖಾನೆ ಶುರು, ಮುಕಾದಮನ ಹತ್ತಿರ ಮುಂಗಡ ತಗೊಂಡಾಗಿದೆ. ಕಬ್ಬಿನ ಗ್ಯಾಂಗಿನಲ್ಲಿ ಮುಂಗಡ ಸಿಗುವುದು ಗಂಡ-ಹೆಂಡತಿ ಜೋಡಿಗೆ. ಮಹಾರಾಷ್ಟ್ರದಲ್ಲಿ ಇದಕ್ಕೆ 'ಕೊಯ್ತಾ' ಅಂತಾರೆ, ಒಂದು ಜೋಡಿ ಅಂದರೆ ಒಂದು ಕೊಯ್ತಾ. ಒಬ್ಬನೇ ಗಂಡಾಳಿಗೆ ಅರ್ಧವೂ ಸಿಗುವುದಿಲ್ಲ. ಬೀಡ ಜಿಲ್ಲೆಯಲ್ಲಿ ಸಣ್ಣ ವಯಸ್ಸಿನ ಮದುವೆ ಇಷ್ಟು ಯಾಕೆ ಅಂತ ಕೇಳಿದವರಿಗೆಲ್ಲ ಸಿಕ್ಕ ಉತ್ತರ ಇದೇ. ವರದಕ್ಷಿಣಿ ಯಾಕೆ ಕೇಳಲಿಲ್ಲ ಅಂತ ನನಗೆ ಆಗ ತಿಳಿಯಿತು. ಅವರಿಗೆ ಸೊಸೆಗಿಂತ ಒಂದು ಕೊಯ್ತಾ ಬೇಕಿತ್ತು.

ನನ್ನ ತಂಗಿಯನ್ನು ಕೊಟ್ಟದ್ದು ಬಬಲೇಶ್ವರ ಭಾಗಕ್ಕೇ. ಅವರದು ಆರು ಎಕರೆ ಕಬ್ಬು. ಬೀಗರನ್ನು ಕರಕೊಂಡು ಆ ಮನೆಗೆ ಹೋದೆ. ಮಾವ ಕೆಟ್ಟವನಲ್ಲ. "ಮುಕಾದಮ ಮನೀ ಮುಂದ ಕುಂತಾನ್ರಿ ಗೌಡ್ರ, ಜೋಡಿ ಮುರಿದ್ರ ರೊಕ್ಕ ಎಲ್ಲಿಂದ ತರ್ಲಿ?" ಅಂತ ಅವನೇ ನಮ್ಮನ್ನು ಕೇಳಿದ. ಎರಡು ತಾಸು ಕೂತು ಕೊನೆಗೆ ಆದದ್ದು ಇಷ್ಟು: ಹುಡುಗನ ಜೋಡಿ ಅವನ ಅವ್ವ ಹೋದಳು, ಹುಡುಗಿ ತವರಲ್ಲೇ ಉಳಿದಳು. ಜನವರಿಯಲ್ಲಿ ಅತ್ತೆಗೆ ಸೊಂಟ ಹಿಡಿಯಿತು. ಆರು ತಿಂಗಳ ಕೂಸನ್ನು ಕಟ್ಟಿಕೊಂಡು ಈ ಹುಡುಗಿ ಹೋಗಲೇಬೇಕಾಯಿತು. ಅದನ್ನು ತಪ್ಪಿಸಲು ನನ್ನಿಂದ ಆಗಲಿಲ್ಲ. ಮಾರ್ಚ್ ಕೊನೆಗೆ ತಿರುಗಿ ಬಂದಿದ್ದಾಳೆ, ಕೂಸು ಜೀವಂತ ಇದೆ, ತೂಕ ಮಾತ್ರ ಇನ್ನೂ ಕಮ್ಮಿ.

ಹೋಗುವ ಮುಂದೆ ಅವಳ ಅವ್ವ ಟ್ರಂಕಿನಿಂದ ಒಂದು ಕಾಗದ ತೆಗೆದು ತಂದು, "ಇದು ಎದರದು ನೋಡ್ರಿ" ಅಂದಳು. ಭಾಗ್ಯಲಕ್ಷ್ಮಿ ಬಾಂಡು. 2006-07ರಲ್ಲಿ ರಾಜ್ಯ ಸರಕಾರ ಶುರು ಮಾಡಿದ ಯೋಜನೆ. 2008ರ ಆಗಸ್ಟಿನಿಂದ ಈಚೆ ಹುಟ್ಟಿದ ಬಡವರ ಮನೆ ಹುಡುಗಿಗೆ ಹದಿನೆಂಟು ತುಂಬಿದಾಗ ಸುಮಾರು ಒಂದು ಲಕ್ಷ ರೂಪಾಯಿ. ಕರಾರು ಏನೆಂದರೆ ಹದಿನೆಂಟರೊಳಗೆ ಮದುವೆ ಆಗಿರಬಾರದು. ಈ ಹುಡುಗಿ ಹುಟ್ಟಿದ್ದು 2008ರ ನವೆಂಬರಿನಲ್ಲಿ. ಎರಡೂವರೆ ವರ್ಷ ತಡೆದಿದ್ದರೆ ಲಕ್ಷ ರೂಪಾಯಿ ಅವಳ ಹೆಸರಿಗೇ ಬರುತ್ತಿತ್ತು. ಅದನ್ನು ಕಳೆಯಲು ನಾನು ನಲವತ್ತು ಸಾವಿರ ಸಾಲ ಕೊಟ್ಟಂತಾಯಿತು. ಅವಳಪ್ಪ ಕಾಗದ ಮಡಚಿ ಮತ್ತೆ ಟ್ರಂಕಿನಲ್ಲೇ ಇಟ್ಟ, ಏನೂ ಮಾತಾಡಲಿಲ್ಲ. ಓದುಗರಲ್ಲಿ ಯಾರ ವಸ್ತಿಯಲ್ಲಿ ಇಂಥ ಹುಡುಗಿಯರಿದ್ದಾರೋ ಅವರ ಮನೆಯ ಟ್ರಂಕು ಒಮ್ಮೆ ತೆಗೆಸಿ ನೋಡಿ. 2020ರ ಮೊದಲು ಹುಟ್ಟಿದ ಬಹಳ ಹುಡುಗಿಯರ ಬಾಂಡು ಹೀಗೆ ಸೀರೆಯ ಬುಡದಲ್ಲಿ ಬಿದ್ದಿರುತ್ತದೆ.

ಕುಮ್ಮಕ್ಕು ಅಂದರೆ ಏನು

2006ರ ಬಾಲ್ಯವಿವಾಹ ನಿಷೇಧ ಕಾಯಿದೆಯಲ್ಲಿ ಮದುವೆ ನಡೆಸಿದವರಿಗಷ್ಟೇ ಅಲ್ಲ, ಅದಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ ಇದೆ. ಕರ್ನಾಟಕ 2016ರಲ್ಲಿ ಮಾಡಿದ ತಿದ್ದುಪಡಿಯಿಂದ ಇಂಥ ಮದುವೆ ಮೊದಲಿನಿಂದಲೇ ಅಸಿಂಧು. ಹುಟ್ಟಿದ ಮಕ್ಕಳ ಹಕ್ಕಿಗೆ ಮಾತ್ರ ಧಕ್ಕೆ ಇಲ್ಲ. ಗೊತ್ತಿದ್ದೂ ನಲವತ್ತು ಸಾವಿರ ಎಣಿಸಿ ಕೊಡುವುದು ಕುಮ್ಮಕ್ಕಲ್ಲದೆ ಮತ್ತೇನು? ನನ್ನ ಲೆಕ್ಕದ ಪುಸ್ತಕವೇ ಸಾಕ್ಷಿ.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು. ಬಾಲ್ಯವಿವಾಹ ನಿಲ್ಲಿಸುವುದು ಅಂಗನವಾಡಿ ಅಕ್ಕನ ಕೆಲಸ, ಪಿಡಿಒ ಕೆಲಸ, 1098ಕ್ಕೆ ಫೋನ್ ಮಾಡುವವರ ಕೆಲಸ ಅಂತ ನಾವು ರೈತರು ಕೈ ತೊಳೆದುಕೊಂಡಿದ್ದೇವೆ. ಅವರು ಬರುವುದು ಹಂದರ ಹಾಕಿದ ಮೇಲೆ. ಹಂದರಕ್ಕೆ ರೊಕ್ಕ ಹೊರಡುವುದು ನಮ್ಮ ಕಟ್ಟೆಯಿಂದ. ನಿಲ್ಲಿಸುವುದಾದರೆ ಅಲ್ಲೇ ನಿಲ್ಲಿಸಬೇಕು.

ಕಳೆದ ವರ್ಷದಿಂದ ನಾನು ಮದುವೆ ಮುಂಗಡಕ್ಕೆ ಸಾಲಿ ದಾಖಲೆ ಕೇಳುತ್ತೇನೆ. ಹದಿನೆಂಟು ತುಂಬಿಲ್ಲದಿದ್ದರೆ ಇಲ್ಲ. ಅದೇ ರೊಕ್ಕ ಓದಿಗೆ, ಸೈಕಲ್ಲಿಗೆ, ಹೆರಿಗೆಗೆ, ದವಾಖಾನೆಗೆ ಕೇಳಿದರೆ ಬಡ್ಡಿ ಇಲ್ಲದೆ ಉಂಟು. ಫೆಬ್ರವರಿ, ಮಾರ್ಚ್‌ನಲ್ಲಿ ಸಾಲಿ ಹುಡುಗಿ ಶೆಡ್ಡಿಗೆ ಬಂದರೆ ಅವಳ ಅವ್ವನಿಗೆ ನಾನೇ ಹೇಳಿ ತಿರುಗಿ ಕಳಿಸುತ್ತೇನೆ. ಹೇಳುವಷ್ಟು ಸುಲಭ ಇರಲಿಲ್ಲ. ಒಬ್ಬ ಆಳು ಸಿಟ್ಟಾಗಿ ಬಿಟ್ಟು ಹೋದ. ಅರ್ಧ ಹರದಾರಿ ಆಚೆಯ ತೋಟದವರು ಕೇಳಿದಷ್ಟು ಕೊಟ್ಟರು, ಅವನ ಮಗಳ ಮದುವೆಯೂ ಆಯಿತು. ಅಂದರೆ ಒಬ್ಬನೇ ಬಾಗಿಲು ಹಾಕಿದರೆ ಪಕ್ಕದ ಬಾಗಿಲು ತೆರೆದಿರುತ್ತದೆ.

"ನಾವೇನು ಮಾಡಾಕ ಬರತೈತಿ, ಆಳಿನ ಅಭಾವ" ಅಂತ ಬೆಳೆಗಾರ ಮಿತ್ರರು ಅಂತಾರೆ. ಒಂದು ಕೇಳುತ್ತೇನೆ. ಚಾಟಣಿ ಬಂತೆಂದರೆ ಹೆಣ್ಣಾಳಿಗೆ ಇಷ್ಟೇ, ಗಂಡಾಳಿಗೆ ಇಷ್ಟೇ ಅಂತ ಊರವರೆಲ್ಲ ಗುಡಿಯಲ್ಲಿ ಕೂತು ಪಗಾರ ಗೊತ್ತು ಮಾಡುತ್ತೇವೋ ಇಲ್ಲವೋ? ಹತ್ತು ರೂಪಾಯಿ ಹೆಚ್ಚಿಗೆ ಕೊಟ್ಟವನನ್ನು ಕರೆದು ಬೈಯುತ್ತೇವೋ ಇಲ್ಲವೋ? ಪಗಾರ ಏರದಂತೆ ತಡೆಯಲು ಒಗ್ಗಟ್ಟು ಇರುವ ನಮಗೆ ಇದಕ್ಕೆ ಮಾತ್ರ ಒಗ್ಗಟ್ಟಿಲ್ಲ. ಈ ಮಾತು ಎತ್ತಿದಾಗ ನಮ್ಮ ಕಡೆಯ ಆರು ಮಂದಿಯಲ್ಲಿ ಮೂವರು ಹೂಂ ಅಂದರು, ಒಬ್ಬ ನಕ್ಕ, ಇಬ್ಬರು ಚಹಾ ಕುಡಿದು ಎದ್ದು ಹೋದರು.

ಹಾದಿಯ ಅಂಜಿಕೆ ಸುಳ್ಳಲ್ಲ. ಹದಿನಾಲ್ಕು ವರ್ಷದ ಮಗಳನ್ನು ಕಬ್ಬಿನ ಹೊಲದ ನಡುವೆ ಒಬ್ಬಳನ್ನೇ ಕಳಿಸುವ ತಾಯಿಯ ಹೊಟ್ಟೆ ಸಂಕಟ ಭಾಷಣದಿಂದ ಹೋಗುವುದಿಲ್ಲ. 2023ರ ಜೂನ್‌ನಿಂದ ಬಸ್ಸು ಹೆಣ್ಣುಮಕ್ಕಳಿಗೆ ಪುಕ್ಕಟೆ, ಆದರೆ ಬಸ್ಸು ವಸ್ತಿಗೆ ಬರುವುದಿಲ್ಲವಲ್ಲ. ನಾವು ಮೂವರು ಕೂಡಿ ಮಾಡಿದ್ದೇನೆಂದರೆ, ಮುಂಜಾನೆ ಹಾಲಿನ ಕ್ಯಾನು ಒಯ್ಯುವ ಟಂಟಂ ಹುಡುಗಿಯರನ್ನೂ ರಸ್ತೆಗೆ ಬಿಡಬೇಕು, ಸಂಜೆ ಕರೆತರಬೇಕು. ತಿಂಗಳಿಗೆ ಒಬ್ಬೊಬ್ಬರಿಗೆ ಮುನ್ನೂರು ರೂಪಾಯಿ ಬೀಳುತ್ತದೆ. ಈಗ ಐದು ಹುಡುಗಿಯರು ಹೋಗುತ್ತಿದ್ದಾರೆ. ಇನ್ನೊಬ್ಬ ಆಳಿನ ಮಗಳು ವಿಜಯಪುರದಲ್ಲಿ ಪಿಯುಸಿ, ಸರಕಾರಿ ಹಾಸ್ಟೆಲಿನಲ್ಲಿದ್ದಾಳೆ. ಊರಿಗೆ ಬಂದು ಹೋಗುವ ಬಸ್ಸು ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಮುಂದೆಯೇ ಹಾಯುತ್ತದೆ. ಅಲ್ಲೇ ಓದಬೇಕಂತೆ ಅವಳಿಗೆ. ಸದ್ಯ ಇಂಗ್ಲಿಷ್ ಒಂದು ವಿಷಯ ಉಳಿದಿದೆ, ಮತ್ತೆ ಕಟ್ಟಿದ್ದಾಳೆ.

ಈಗಾಗಲೇ ತಾಯಂದಿರಾದ ಹುಡುಗಿಯರ ಸಲುವಾಗಿ ಒಂದು ಮಾತು. ಅವರನ್ನು ನೋಡಿ ಲೊಚಗುಡುವುದರಿಂದ ಏನೂ ಆಗುವುದಿಲ್ಲ, ಕೆಲಸದಿಂದ ಬಿಡಿಸಿದರೆ ಇನ್ನೂ ಕೆಟ್ಟದ್ದು. ಪೇಸ್ಟು, ಔಷಧಿ ಹೊಡೆಯುವ ದಿನ ಅವರನ್ನು ಸಾಲಿಗೆ ಹಚ್ಚಬೇಡಿ, ನೆರಳಿನ ಕೆಲಸ ಕೊಡಿ. ಪಗಾರ ಮುರಿಯಬೇಡಿ. ನರ್ಸಮ್ಮನ ತಪಾಸಣೆಗೆ ಹೋದ ದಿನವನ್ನೂ ಹಾಜರಿ ಅಂತ ಬರೆಯಿರಿ. ಅಂಗನವಾಡಿಯಲ್ಲಿ 2017ರಿಂದ ಬಸುರಿ, ಬಾಣಂತಿಯರಿಗೆ ಮಾತೃಪೂರ್ಣ ಬಿಸಿಯೂಟ ಇದೆ, ಆದರೆ ವಸ್ತಿಯಿಂದ ಮಧ್ಯಾಹ್ನ ಬಿಸಿಲಲ್ಲಿ ಯಾರು ಹೋಗಬೇಕು? ನಮ್ಮ ಮೋಟಾರ್ ಸೈಕಲ್ಲು ಹೇಗೂ ದಿನಕ್ಕೆ ನಾಲ್ಕು ಸಲ ಊರಿಗೆ ಹೋಗುತ್ತದೆ.

ಆ ನಲವತ್ತು ಸಾವಿರದಲ್ಲಿ ಇನ್ನೂ ಹದಿನಾರು ಸಾವಿರ ಬಾಕಿ ಇತ್ತು. ಹೊಡೆದು ಹಾಕಿದ್ದೇನೆ. ಇದನ್ನು ಹೇಳುವುದು ದೊಡ್ಡಸ್ತಿಕೆಗೆ ಅಲ್ಲ, ವಸೂಲಿ ಮಾಡಲು ಮುಖ ಇರಲಿಲ್ಲ.

ದಸರೆ ಮುಂದೆ ಮತ್ತೆ ಮುಂಗಡ ಕೇಳಲು ಜನ ಬರುತ್ತಾರೆ. ಬೇರೆ ಊರಿನ ಬೆಳೆಗಾರರು ಯಾರಾದರೂ ಹೀಗೆ ಕೂಡಿ ಗೊತ್ತು ಮಾಡಿಕೊಂಡಿದ್ದರೆ ಪತ್ರಿಕೆಗೆ ಬರೆಯಿರಿ. ಆಳು ಬಿಟ್ಟು ಹೋದಾಗ ಆ ಹಂಗಾಮನ್ನು ಹೇಗೆ ನಿಭಾಯಿಸಿದಿರಿ ಎನ್ನುವುದನ್ನೂ ಬಿಡದೆ ಬರೆಯಿರಿ. ನನಗೆ ಅದೇ ಬೇಕಾಗಿದೆ.